ಒಶಿಮೊ ಅಕ್ಕನ ಬಲಗೈ

ಬೆಳಗ್ಗೆ ಜಿಜೋ ದೇವರ ಕಲ್ಲಿಗೆ ನೀರು ಹಾಕಿ ನಾನು ಓಣಿಗೆ ಮರಳುವ ಹೊತ್ತಿಗೆ ಸರಿಯಾಗಿ ಪಕ್ಕದ ಮನೆಯಿಂದ ಕಿರ್ರ್ ಕಿರ್ರ್ ಎಂಬ ಸದ್ದು ಮೂರು ಸಲ ಕೇಳುತ್ತದೆ. ಕುಮೆಜಿ ಚರಕ ತಿರುಗಿಸುವ ಸದ್ದು ಅದು. ಬಾಗಿಲ ಪಕ್ಕದ ಹಲಗೆಯ ಮೇಲೆ ಆ ಹಳೆಯ ಚರಕ ಕೂತಿದೆ. ಅದರಲ್ಲಿ ನೂಲಿಲ್ಲ, ಮುಂದೆ ಬಿಸಿನೀರಿನ ಬಾಣಲೆ ಇಲ್ಲ. ಮರದ ಹಲ್ಲುಚಕ್ರ, ಮರದ ಹಿಡಿ, ಅಷ್ಟೆ. ಎಡಗೈಯಿಂದ ಮೂರು ಸುತ್ತು ತಿರುಗಿಸಿ, ಚಪ್ಪಲಿ ಮೆಟ್ಟಿ ಕೆಲಸಕ್ಕೆ ಹೊರಡುತ್ತಾನೆ. ಮೈ ಕೆಂಡದಂತೆ ಸುಡುವಾಗಲೂ ಇದನ್ನು ತಪ್ಪಿಸಿದವನಲ್ಲ. ಓಣಿಗೆ ಹೊಳೆಯ ನೀರು ನುಗ್ಗಿದ ವರ್ಷ ಮೊಣಕಾಲುದ್ದ ನೀರಿನಲ್ಲಿ ನಿಂತು ತಿರುಗಿಸಿದ.

ಎಡಗೈ ಯಾಕೆ ಎಂದು ಒಮ್ಮೆ ಕೇಳಿದ್ದೆ.

"ಬಲಗೈ ಎಳೆ ಸೇರಿಸೋಕೆ ಬೇಕಲ್ಲ ಚಿಕ್ಕಮ್ಮ. ನಮ್ಮೂರಲ್ಲಿ ತಿರುಗಿಸೋದು ಎಡಗೈ, ನೂಲು ಮಾಡೋದು ಬಲಗೈ."

"ಎಳೆ ಎಲ್ಲಿದೆಯಪ್ಪ ಇಲ್ಲಿ?"

"ಇಲ್ಲ. ಆದ್ರೂ ಸುಮ್ನೆ ತಿರುಗಿಸ್ಬೇಕು, ಇಲ್ದಿದ್ರೆ ಹಲ್ಲು ಉಬ್ಬಿ ಕಚ್ಕೊಳ್ತವೆ ಅಂತ ಅಕ್ಕ ಹೇಳಿ ಕಳಿಸಿದ್ಳು."

ಅಕ್ಕ ಎಂದರೆ ಒಶಿಮೊ. ಜೋಶುವಿನ ಬೆಟ್ಟದ ಊರಿನವಳು. ತಾಯಿ ತೀರಿದ ಮೇಲೆ ಕುಮೆಜಿಯನ್ನು ಬೆನ್ನಿಗೆ ಕಟ್ಟಿಕೊಂಡೇ ರೇಷ್ಮೆ ಗೂಡು ಬೇಯಿಸಿ ನೂಲು ಬಿಚ್ಚಿದವಳು. ಆಕೆಯ ನೂಲಿನಲ್ಲಿ ಗಂಟು ಸಿಗುವುದಿಲ್ಲ. ಬಾಣಲೆಯಲ್ಲಿ ಆರು ಗೂಡು ಕುಣಿಯುತ್ತಿರುತ್ತವೆ, ಆರರ ಎಳೆಯೂ ಕೂಡಿ ಒಂದು ನೂಲಾಗಿ ಮೇಲೇರುತ್ತದೆ. ಒಂದು ಗೂಡು ಮುಗಿಯಿತೆಂದರೆ ಹೊಸ ಗೂಡಿನ ಎಳೆಯನ್ನು ಓಡುತ್ತಿರುವ ನೂಲಿಗೆ ಸೇರಿಸಬೇಕು, ಚಕ್ರ ನಿಲ್ಲಬಾರದು. ಆಕೆಯ ಬಲಗೈ ಅದನ್ನು ಮಾಡುವಾಗ ಮಾಡಿತೆಂದೇ ಕಾಣುವುದಿಲ್ಲವಂತೆ. ಕುಮೆಜಿಗೆ ಆ ಕೆಲಸ ಹತ್ತಲಿಲ್ಲ. ಕೈ ನಡುಗಿ ನೂಲು ಕಡಿಯುತ್ತಿತ್ತು. ವಿಚಿತ್ರವೆಂದರೆ ಕುಂಚ ಹಿಡಿದಾಗ ಅದೇ ಕೈ ನಡುಗುತ್ತಿರಲಿಲ್ಲ. ರೇಷ್ಮೆಹುಳ ಮೊಟ್ಟೆಯಿಟ್ಟ ಕಾಗದದ ಹಾಳೆಗಳಿಗೆ ಅಂಟಿಸುವ ಚೀಟಿಗಳಲ್ಲಿ ಚಿತ್ರ ಬರೆಯುತ್ತಿದ್ದವನನ್ನು ಅಕ್ಕ ಒಂದು ದಿನ ಹಳೆಯ ಚರಕದ ಜೊತೆ ಯೊಕೊಹಾಮಾ ಬಂದರಿಗೆ ಸಾಗಹಾಕಿದಳು.

ಹತ್ತೊಂಬತ್ತು ವರ್ಷವಾಯಿತು. ಅಂದಿನಿಂದ ಅವನು ಬೆಂತೆನ್ ಬೀದಿಯ ನುಕುಯಿ ಯಜಮಾನರ ಪಟದ ಅಂಗಡಿಯಲ್ಲಿ, ಮಹಡಿಯ ಮೇಲೆ ಸಾಲಾಗಿ ಕೂರುವ ಒಂಬತ್ತು ಜನರ ನಡುವೆ ಕೂತು, ಕ್ಯಾಮೆರಾದಲ್ಲಿ ತೆಗೆದ ಕಂದು ಬಣ್ಣದ ಪಟಗಳಿಗೆ ಬಣ್ಣ ತುಂಬುತ್ತಾನೆ. ಫೂಜಿ ಬೆಟ್ಟ, ಚೆರಿ ಹೂವು, ಛತ್ರಿ ಹಿಡಿದ ಹುಡುಗಿಯರು ಎಲ್ಲರಿಗೂ ಬರುತ್ತವೆ. ರೇಷ್ಮೆಯ ಪಟಗಳು ಮಾತ್ರ ಇವನ ಮುಂದೆಯೇ ಬೀಳುತ್ತವೆ, ಊರಿನವನೆಂದು. ಅಲ್ಲೇ ಇವನ ಕಷ್ಟ ಶುರುವಾದದ್ದು.

ಬಂದರಿನಿಂದ ರೇಷ್ಮೆ ಹೋಗುವ ದೇಶಗಳ ವ್ಯಾಪಾರಿಗಳು ತಮ್ಮ ಊರಿನವರಿಗೆ ತೋರಿಸಲು ಪಟಗಳ ಪುಸ್ತಕ ಒಯ್ಯುತ್ತಾರೆ. ಅದಕ್ಕಾಗಿ ಯಜಮಾನರು ಮಾಡಿನ ಗಾಜಿನ ಕೋಣೆಯಲ್ಲಿ ಬಾಡಿಗೆ ಹುಡುಗಿಯರನ್ನು ಕೂರಿಸಿ ರೇಷ್ಮೆ ಕೆಲಸದ ಪಟ ತೆಗೆಸುತ್ತಿದ್ದರು. ಚರಕದ ಮುಂದೆ ಹಬ್ಬದ ಉಡುಪು. ಬಾಣಲೆಯಲ್ಲಿ ತಣ್ಣೀರು. ಸಂಜೆ ಬಂದು ನನ್ನ ಜಗಲಿಯ ಮೇಲೆ ಕೂತು ಕುಮೆಜಿ ಹಲ್ಲು ಕಡಿಯುತ್ತಿದ್ದ.

"ಇವತ್ತು ಏನು ಗೊತ್ತಾ ಚಿಕ್ಕಮ್ಮ? ಹುಳ ಎಲ್ಲ ಪೊರೆ ಬಿಡೋ ಜ್ವರಕ್ಕೆ ಕೂತಿದಾವೆ, ತಲೆ ಎತ್ತಿ, ಕಲ್ಲಿನ ಥರ. ಅವುಗಳ ಮೇಲೆ ಆ ಹುಡುಗಿ ನಗ್ತಾ ನಗ್ತಾ ಸೊಪ್ಪು ಸುರೀತಿದಾಳೆ! ಜ್ವರದಲ್ಲಿರೋ ಹುಳಕ್ಕೆ ಯಾರಾದ್ರೂ ಸೊಪ್ಪು ಹಾಕ್ತಾರಾ? ನಮ್ಮೂರಲ್ಲಾಗಿದ್ರೆ ತಟ್ಟೆ ಸಮೇತ ಆಚೆ ಹಾಕ್ತಿದ್ರು."

"ಯಜಮಾನರಿಗೆ ಹೇಳಬಾರದಿತ್ತಾ?"

"ಹೇಳ್ದೆ. 'ಸೊಪ್ಪಿಗೆ ಒಳ್ಳೆ ಹಸಿರು ಹಾಕು' ಅಂದ್ರು."

ಅವನಿಗೆ ಎಲ್ಲಕ್ಕಿಂತ ಉರಿಯುತ್ತಿದ್ದದ್ದು ನೂಲು. ತಣ್ಣೀರಿನ ಬಾಣಲೆಯಿಂದ ನೂಲು ಏಳುವುದಿಲ್ಲವಲ್ಲ. ಆದ್ದರಿಂದ ಗೂಡಿನಿಂದ ಚಕ್ರದವರೆಗೆ ಇವನೇ ಬಿಳಿ ಬಣ್ಣದಲ್ಲಿ ಒಂದು ಗೆರೆ ಎಳೆಯಬೇಕು, ಮೂರು ಕೂದಲಿನ ಕುಂಚದಿಂದ, ಉಸಿರು ಹಿಡಿದು. ಹತ್ತೊಂಬತ್ತು ವರ್ಷದಲ್ಲಿ ಇಲ್ಲದ ನೂಲನ್ನು ಎಷ್ಟು ಮೈಲಿ ಎಳೆದಿದ್ದೇನೋ ಎನ್ನುತ್ತಿದ್ದ. ಹುಟ್ಟಿದ್ದಕ್ಕೆ ಒಂದೇ ಒಂದು ಸಲ, ನಿಜವಾಗಿ ನೂಲು ಬಿಚ್ಚುವವಳನ್ನು, ನಿಜವಾದ ನೂಲಿನ ಜೊತೆ ತೋರಿಸುವ ಪಟ ತನ್ನ ಮಣೆಯ ಮೇಲೆ ಬರಬೇಕು. ಇದೊಂದೇ ಅವನ ಆಸೆ. ಇದಕ್ಕಾಗಿ ಯಜಮಾನರನ್ನು ಕಾಡಿದ, ಬೇಡಿದ, ಎರಡು ಸಲ ಜಗಳವಾಡಿದ.

ಕಳೆದ ಚಳಿಗಾಲದಲ್ಲಿ ಫ್ರಾನ್ಸಿನ ವ್ಯಾಪಾರಿಯೊಬ್ಬ ನಲವತ್ತು ಪುಸ್ತಕ ಬೇಕೆಂದ. ಎಲ್ಲ ಅಂಗಡಿಯಲ್ಲೂ ಅದದೇ ಹುಡುಗಿ, ಹೊಸದೇನಾದರೂ ಇದ್ದರೆ ಕೊಡಿ ಎಂದನಂತೆ. ಆಗ ಯಜಮಾನರು ಕುಮೆಜಿಯತ್ತ ತಿರುಗಿದರು.

"ಸರಿ ಮಾರಾಯ, ಕರೆಸು ನಿನ್ನ ಅಕ್ಕನ್ನ. ನಿನ್ನ ಬಾಯಿ ಮುಚ್ಚೋಕೆ ಬೇರೆ ದಾರಿ ಇಲ್ಲ."

ಏಪ್ರಿಲ್ ತಿಂಗಳ ಶುರುವಿನಲ್ಲಿ, ಹುಳ ಮೊಟ್ಟೆಯೊಡೆದು ಏಳುವುದಕ್ಕೆ ಇನ್ನೂ ಮೂರು ವಾರ ಇರುವಾಗ, ಒಶಿಮೊ ಅಕ್ಕ ರೈಲಿನಲ್ಲಿ ಬಂದಿಳಿದಳು. ಬೆನ್ನಿಗೆ ತನ್ನ ಚರಕ, ಒಂದು ಕೈಯಲ್ಲಿ ಒಣಗೂಡಿನ ಚೀಲ, ಇನ್ನೊಂದು ಕೈಯಲ್ಲಿ ಓಣಿಗೆಲ್ಲ ಹಂಚುವಷ್ಟು ಹಿಟ್ಟಿನ ಕಡುಬು, ಮೀಸೊ ಎಂಬ ಸೋಯಾ ಕಾಳಿನ ಚಟ್ನಿ ಸವರಿ ಸುಟ್ಟದ್ದು. ಐವತ್ತನಾಲ್ಕು ವರ್ಷ. ಕುಳ್ಳಿ. ಎರಡು ಕೈಯೂ ಮಣಿಕಟ್ಟಿನವರೆಗೆ ಬೆಂದ ಏಡಿಯಂತೆ ಕೆಂಪು, ಅಲ್ಲಿಂದ ಮೇಲೆ ಬಿಳುಪು, ನಡುವೆ ಗೆರೆ ಎಳೆದಂತೆ. ತಮ್ಮನ ಕೋಣೆ ಇಬ್ಬರಿಗೆ ಸಾಲದೆಂದು ನನ್ನಲ್ಲಿ ಉಳಿದಳು. ಬಂದವಳೇ ನಮ್ಮ ಬಾವಿಯ ನೀರು ಬಾಯಿಗೆ ಹಾಕಿಕೊಂಡು ಉಗುಳಿದಳು.

"ಲೋ ಕುಮೆ, ಇದು ನೀರಾ? ಇದ್ರಲ್ಲಿ ಗೂಡು ಬೇಯಿಸಿದ್ರೆ ನೂಲಲ್ಲ, ಹಗ್ಗ ಬರುತ್ತೆ."

"ಪಟಕ್ಕೆ ತಾನೇ ಅಕ್ಕ, ಒಂದು ಗಳಿಗೆ..."

"ಗಳಿಗೆ ಆದ್ರೇನು? ನಾನು ಕೂತ ಮೇಲೆ ನೂಲು ಏಳ್ಬೇಕು."

ಗುಡ್ಡ ಹತ್ತಿ ದೇವಸ್ಥಾನದ ಹಿಂದಿನ ಒರತೆಯಿಂದ ಕುಮೆಜಿ ಎರಡು ಕೊಡ ನೀರು ಹೊತ್ತು ತಂದ. ಬೈಯುತ್ತಲೇ ತಂದ, ಆದರೆ ಅವನ ಮುಖ ಅಷ್ಟು ಬೆಳಗಿದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ.

ಮರುದಿನ ಬೆಳಗ್ಗೆ ಅಕ್ಕ ನನ್ನ ಮನೆಯಲ್ಲೇ ಉಟ್ಟುಕೊಂಡಳು. ಕೆಲಸದ ನೀಲಿ ಉಡುಪು, ಕಪ್ಪು ಕೊರಳಪಟ್ಟಿ. ನಡುಪಟ್ಟಿ ಬಿಗಿಯುತ್ತಿದ್ದವಳು ನಾನು. ಬಿಗಿಯುವಾಗ ನೋಡಿದೆ. ಎದೆಯ ಮೇಲೆ ಉಡುಪಿನ ಎಡಗಡೆಯ ಅಂಚು ಒಳಗೆ ಹೋಗಿದೆ, ಬಲಗಡೆಯದು ಮೇಲೆ ಬಂದಿದೆ. ಬದುಕಿರುವ ನಾವು ಬಲ ಅಂಚನ್ನು ಒಳಗೆ ಮಾಡಿ ಎಡವನ್ನು ಮೇಲೆ ತರುತ್ತೇವೆ. ತಿರುಗಿಸಿ ಉಡಿಸುವುದು ಹೆಣಕ್ಕೆ ಮಾತ್ರ.

"ಅಕ್ಕಾ, ಇದೇನು ಅಪಶಕುನ! ಅಂಚು ತಿರುಗಾಮುರುಗಾ ಆಗಿದೆ."

ಆಕೆ ನಕ್ಕುಬಿಟ್ಟಳು. "ಒರಿಕು, ನೀನು ಎಷ್ಟು ಸಲ ಪಟ ತೆಗೆಸ್ಕೊಂಡಿದೀಯ?"

"ಒಂದ್ಸಲಾನೂ ಇಲ್ಲ."

"ಮತ್ತೆ? ನಾನು ಕಣ್ಣಾರೆ ನೋಡಿದೀನಿ ಕೇಳು. ಇಪ್ಪತ್ತು ವರ್ಷದ ಹಿಂದೆ ನಮ್ಮೂರ ದೇವಸ್ಥಾನದ ಅಂಗಳಕ್ಕೆ ಗಾಜಿನ ಪಟದವನು ಬಂದಿದ್ದ. ಗಾಜಿನ ಮೇಲೆ ಬೀಳೋದು ಕನ್ನಡಿ ಥರ, ಎಡ ಬಲ ಆಗುತ್ತೆ, ಎಲ್ಲರೂ ತಿರುಗಿಸಿ ಉಟ್ಕೊಂಡು ಬನ್ನಿ ಅಂತ ಅವನೇ ಹೇಳ್ದ. ಹುಳದ ಮೊಟ್ಟೆ ಮಾರೋ ಸಾಹುಕಾರ ಹಾಗೇ ಉಟ್ಟ, ಪಟದಲ್ಲಿ ರಾಜನ ಥರ ಬಂದ. ಟೋಪಿ ಹೊಲಿಯೋ ಮುದುಕ ಮಾತ್ರ 'ನಾನಿನ್ನೂ ಬದುಕಿದೀನಿ, ತಿರುಗಿಸಿ ಉಡಲ್ಲ' ಅಂತ ಹಠ ಹಿಡ್ದ. ಪಟದಲ್ಲಿ ಹೆಣ ಆಗಿ ಬಂದ! ಅವನ ಹೆಂಡತಿ ಅದನ್ನ ಉಪ್ಪಿನಕಾಯಿ ಜಾಡಿಗೆ ಮುಚ್ಚಳ ಮಾಡ್ಕೊಂಡ್ಳು."

ನಾನೂ ನಕ್ಕೆ. ಕ್ಯಾಮೆರಾದ ವಿದ್ಯೆ ನನಗೇನು ಗೊತ್ತು? ತಮ್ಮ ಅದೇ ಕೆಲಸದಲ್ಲಿದ್ದಾನೆ, ತಪ್ಪಿದ್ದರೆ ಅವನು ಹೇಳುತ್ತಾನೆ ಎಂದುಕೊಂಡು ಗಂಟು ಬಿಗಿದೆ. ಈಗಿನ ಪಟ ಗಾಜಿನ ಮೇಲೆ ಬಿದ್ದರೂ ಗಾಜಿನಲ್ಲೇ ಉಳಿಯುವುದಿಲ್ಲ, ಅದರಿಂದ ಕಾಗದಕ್ಕೆ ಇಳಿಯುತ್ತದೆ, ಇಳಿಯುವಾಗ ಮತ್ತೆ ಮಗುಚಿ ನೆಟ್ಟಗಾಗುತ್ತದೆ ಎಂಬುದು ನಮ್ಮಿಬ್ಬರಿಗೂ ತಿಳಿದಿರಲಿಲ್ಲ.

ಮುಂಜಾವಿನ ಚಳಿಗೆಂದು ಅಕ್ಕ ಹೆಗಲ ಮೇಲೆ ದೊಡ್ಡ ಬಟ್ಟೆ ಹೊದ್ದೇ ಹೋದಳು. ಹೀಗಾಗಿ ದಾರಿಯಲ್ಲಿ ಕುಮೆಜಿಗೆ ಕೊರಳು ಕಾಣಲಿಲ್ಲ. ಗಾಜಿನ ಕೋಣೆಯಲ್ಲಿ ಅವನೇ ಕೆಂಡ ಹಾಕಿ, ಒರತೆಯ ನೀರು ಕುದಿಸಿ, ಗೂಡು ಬಿಟ್ಟ. ಅಷ್ಟರಲ್ಲಿ ಕ್ಯಾಮೆರಾದವನು "ನಿನ್ನ ನೆರಳು ಬೀಳ್ತಿದೆ, ನಡಿ ಕೆಳಗೆ" ಎಂದು ಗದರಿ ಇವನನ್ನು ಅಟ್ಟಿ, ಕಪ್ಪು ಬಟ್ಟೆಯೊಳಗೆ ತಲೆ ಹಾಕಿದ. ಅಕ್ಕ ಹೊದ್ದದ್ದನ್ನು ತೆಗೆದಿಟ್ಟಳು. ಬಟ್ಟೆಯೊಳಗಿನವನಿಗೆ ಕಾಣುವುದೆಲ್ಲ ತಲೆಕೆಳಗು, ಅವನು ಕೊರಳನ್ನೇನು ನೋಡುತ್ತಾನೆ? ಎಂಟು ಎಣಿಸುವವರೆಗೆ ಅಲುಗಬೇಡ ಎಂದ.

"ಅಲುಗದೆ ನೂಲು ಬಿಚ್ಚೋದು ಹೇಗಯ್ಯ? ನಿಮ್ಮಮ್ಮ ಬಿಚ್ತಾಳಾ?" ಎಂದು ಅಕ್ಕ ಕೇಳಿದ್ದು ಮೆಟ್ಟಿಲ ಕೆಳಗೆ ನಿಂತ ಕುಮೆಜಿಗೆ ಕೇಳಿಸಿತಂತೆ. ಆದರೂ ಎಳೆ ಎತ್ತಿ, ಚಕ್ರಕ್ಕೆ ಹತ್ತಿಸಿ, ನೂಲನ್ನು ಬಿಗಿ ಹಿಡಿದು, ಕಲ್ಲಾಗಿ ಕೂತಳು. ಮರುದಿನವೇ ಊರಿಗೆ ಹೊರಟಳು. ಮೊಟ್ಟೆಯ ಹಾಳೆಗಳು ತಂಪಿನಿಂದ ಹೊರಬರುವ ಹೊತ್ತು, ಇನ್ನು ಆರು ವಾರ ಆಕೆ ಮನೆಯ ಹೊಸಿಲು ದಾಟುವಂತಿಲ್ಲ.

ಮೂರನೆಯ ದಿನ ಕುಮೆಜಿ ಮಧ್ಯಾಹ್ನವೇ ಮನೆಗೆ ಬಂದ. ನನ್ನ ಜಗಲಿಯ ಮೇಲೆ ಕಾಗದ ಸುತ್ತಿದ್ದ ಹಾಳೆಯನ್ನು ಇಟ್ಟು ಬಿಚ್ಚಿದ. ಬಣ್ಣ ಬಿದ್ದಿರದ ಮೊದಲ ಪ್ರತಿ. ಬಾಣಲೆಯ ಹಬೆ, ಆಕೆಯ ಬಗ್ಗಿದ ತಲೆ, ಹಿಡಿಯ ಮೇಲೆ ಎಡಗೈ, ಬಾಣಲೆಯ ಮೇಲೆ ಬಲಗೈ. ಆ ಬೆರಳುಗಳಿಂದ ಚಕ್ರದವರೆಗೆ ಕೂದಲಿಗಿಂತ ಸಣ್ಣ ಬಿಳಿಯ ಗೆರೆ. ಯಾರೂ ಬರೆದದ್ದಲ್ಲ.

"ನೂಲು," ಎಂದೆ ನಾನು.

"ನೂಲು ಬಂದಿದೆ. ಕೊರಳು ನೋಡಿ ಚಿಕ್ಕಮ್ಮ."

ನೋಡಿದೆ. ನಾನೇ ಬಿಗಿದ ಗಂಟಿನ ಮೇಲೆ ಹೆಣದ ಅಂಚು. ನಡೆದದ್ದನ್ನು ಹೇಳಿದೆ, ಟೋಪಿಯ ಮುದುಕನ ಕಥೆಯನ್ನೂ ಹೇಳಿದೆ. ಅವನು ನನ್ನನ್ನು ಒಂದು ಮಾತು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿರುತ್ತಿತ್ತು.

"ಹತ್ತೊಂಬತ್ತು ವರ್ಷ," ಎಂದ. "ಎಲ್ಲ ಸುಳ್ಳು ಪಟದಲ್ಲೂ ಅಂಚು ಸರಿ ಇತ್ತು."

ಆಮೇಲೆ ಐದು ದಿನ ಅವನು ಆ ಕೊರಳಿನ ಮೇಲೆ ಕೂತ. ಬಣ್ಣ ತಿಳಿನೀರಿನಂಥದ್ದು, ಕೆಳಗಿನದನ್ನು ಮುಚ್ಚುವುದಿಲ್ಲ. ಆದ್ದರಿಂದ ದೀಪದ ಮಸಿಯನ್ನು ಮೊಟ್ಟೆಯ ಬಿಳಿಯಲ್ಲಿ ಅರೆದು ಕಪ್ಪು ಪಟ್ಟಿಯನ್ನು ಹೊಸದಾಗಿ ಬರೆಯಲು ನೋಡಿದ. ನೇರ ಹಿಡಿದರೆ ಸರಿ, ಸ್ವಲ್ಪ ಓರೆ ಮಾಡಿದರೆ ಡಾಂಬರು ಬಳಿದಂತೆ ಹೊಳೆಯುತ್ತಿತ್ತು. ಒರೆಸಿದ. ಮತ್ತೆ ಬರೆದ. ಐದನೆಯ ದಿನ ಕಾಗದದ ಮೈ ಕಿತ್ತು ಬಂತು, ಜೊತೆಗೆ ಪಕ್ಕದಲ್ಲಿದ್ದ ನೂಲೂ ಅರ್ಧ ಹೋಯಿತು. ಆ ಹಾಳೆಯನ್ನು ಎತ್ತಿಕೊಂಡೇ ಯಜಮಾನರ ಮುಂದೆ ಹೋದ. ಆ ದಿನದ ಮಾತನ್ನು ಅವನು ಬಂದು ನನಗೆ ಅಕ್ಷರಕ್ಕೆ ಅಕ್ಷರ ಹೇಳಿದ್ದಾನೆ.

"ಇನ್ನೊಂದು ಸಲ ತೆಗೆಯೋಣ ಯಜಮಾನ್ರೇ. ಹುಳದ ಕೆಲಸ ಮುಗಿದ ಮೇಲೆ ಅಕ್ಕ ಬರ್ತಾಳೆ."

"ಹಡಗು ನಿನ್ನ ಅಕ್ಕನ ಹುಳಕ್ಕೆ ಕಾಯುತ್ತಾ? ಮೇ ಎಂಟಕ್ಕೆ ನಲವತ್ತು ಪುಸ್ತಕ ಹೋಗ್ಬೇಕು."

"ಹಾಗಾದ್ರೆ?"

"ಹಾಗಾದ್ರೆ ಏನು, ಗಾಜನ್ನ ಮಗುಚಿಟ್ಟು ಅಚ್ಚು ತೆಗೆದ್ರಾಯ್ತು. ಎಡ ಬಲ ಆಗುತ್ತೆ, ಅಂಚು ಸರಿಹೋಗುತ್ತೆ. ಇದಕ್ಕೆ ಐದು ದಿನ ಮಸಿ ಅರೆದ್ಯಾ, ಪುಣ್ಯಾತ್ಮ?"

"ಕೈನೂ ಎಡ ಬಲ ಆಗುತ್ತೆ! ಎಡಗೈಯಲ್ಲಿ ಎಳೆ ಸೇರಿಸಿದ ಹಾಗೆ..."

"ಯಾರಿಗೆ ಗೊತ್ತಾಗುತ್ತೆ ಹೇಳು. ಫ್ರಾನ್ಸಿನಲ್ಲಿ ಯಾರಿಗೆ?"

"ನಮ್ಮೂರಲ್ಲಿ ಎಲ್ಲರಿಗೂ."

"ನಿಮ್ಮೂರಿಂದ ಯಾರೂ ಪುಸ್ತಕ ಕೇಳಿಲ್ಲ ಕುಮೆಜಿ."

ಯಜಮಾನರನ್ನು ಕೆಟ್ಟವರೆಂದು ನಾನು ಬರೆಯಲಾರೆ. ಹಿಂದಿನ ವರ್ಷವಷ್ಟೇ ಅವರ ಹೆಂಡತಿ ತೀರಿಕೊಂಡಿದ್ದರು. ಅವರಿಗೆ ಬಲ ಅಂಚು ಮೇಲೆ ಮಾಡಿ ಉಡಿಸಿದ್ದು ಯಜಮಾನರ ಕೈಯೇ. ಆ ಮೊದಲ ಪ್ರತಿಯನ್ನು ಅವರು ಪೂರ್ತಿ ಕಣ್ಣಿಟ್ಟು ನೋಡಲೇ ಇಲ್ಲ, ತಲೆ ತಿರುಗಿಸಿ ಮಾತಾಡಿದರು ಎಂದು ಕುಮೆಜಿಯೇ ಹೇಳಿದ.

ಅವನು ಅಕ್ಕನಿಗೆ ನಡೆದದ್ದೆಲ್ಲ ಬರೆದು ಕಾಗದ ಹಾಕಿದ. ಇತ್ತ ಮಗುಚಿದ ಗಾಜಿನಿಂದ ನಲವತ್ತು ಹಾಳೆ ಮಹಡಿಗೆ ಬಂದವು. ಮಗುಚಿಟ್ಟಾಗ ಪಟದ ಮೈ ಕಾಗದಕ್ಕೆ ತಾಕುವುದಿಲ್ಲ, ನಡುವೆ ಗಾಜಿನ ದಪ್ಪ ಬರುತ್ತದೆ. ಮುಖ ಬಂತು, ಕೈ ಬಂತು, ಚಕ್ರ ಬಂತು, ಎಲ್ಲವೂ ತುಸು ಮಸುಕು. ಅಷ್ಟು ಮಸುಕು ಸಾಕಾಯಿತು. ನೂಲು ಮಾಯವಾಗಿತ್ತು.

"ನೂಲು ಎಳಿ," ಎಂದರು ಯಜಮಾನರು. "ನಿನಗೆ ಅಭ್ಯಾಸ ಇದೆಯಲ್ಲ."

ಆ ಸಂಜೆ ಅವನು ಜಗಲಿಗೆ ಬರಲಿಲ್ಲ. ಗಂಜಿ ಒಯ್ದು ಕೊಟ್ಟರೆ ಗೋಡೆಗೆ ಮುಖ ಮಾಡಿ ಕೂತಿದ್ದ.

"ಬೇರೆಯವರ ಕೈಗೆ ಕೊಡಲಿ, ಬಿಟ್ಟುಬಿಡು," ಎಂದೆ.

"ಕೊಟ್ರೆ ಕೈಗೆ ಹೂವಿನ ಬಣ್ಣ ಹಚ್ತಾರೆ ಚಿಕ್ಕಮ್ಮ. ಅಕ್ಕನ ಕೈ ಕೆಂಪು. ಆ ಕೆಂಪಾದ್ರೂ ಸರಿಯಾಗಿ ಬರ್ಲಿ."

ಮೊದಲ ಹಾಳೆಯಲ್ಲಿ ಆ ಕೆಂಪನ್ನು ಹಾಕಿದ. ಮಣಿಕಟ್ಟಿನ ಗೆರೆಯವರೆಗೆ, ಹೇಗಿತ್ತೋ ಹಾಗೆ. ಯಜಮಾನರು ನೋಡಿ, "ಇದೇನು, ಕೈ ಸುಟ್ಕೊಂಡಿದಾಳಾ? ರೇಷ್ಮೆ ಕೊಳ್ಳೋರು ಹೆದರ್ತಾರೆ. ತೊಳಿ," ಎಂದರು. ಒದ್ದೆ ಹತ್ತಿಯಿಂದ ತೊಳೆದ. ಬಿಳಿ ಕೈ ಬರೆದ.

ದಿನಕ್ಕೆ ಎರಡು, ಕೆಲವು ದಿನ ಮೂರು ಹಾಳೆ. ಪ್ರತಿ ಹಾಳೆಯಲ್ಲೂ ಅಕ್ಕ ಎಡಗೈಯಲ್ಲಿ ಎಳೆ ಹಿಡಿದು ಕೂತಿರುತ್ತಾಳೆ, ಆ ಎಡಗೈಯಿಂದ ಚಕ್ರಕ್ಕೆ ಇವನು ಉಸಿರು ಹಿಡಿದು ಬಿಳಿ ಗೆರೆ ಎಳೆಯುತ್ತಾನೆ. ಬೆಳಗಿನ ಕಿರ್ರ್ ಸದ್ದು ಮಾತ್ರ ನಿಲ್ಲಲಿಲ್ಲ. ಜಿಜೋನ ಹತ್ತಿರ ನಾನು ಆ ದಿನಗಳಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತಿದ್ದೆ. ಬಿಗಿದ ಗಂಟನ್ನು ಬಿಚ್ಚಲು ದೇವರಿಗೂ ಆಗುವುದಿಲ್ಲ. ಸುಮ್ಮನೆ ನಿಲ್ಲುತ್ತಿದ್ದೆ.

ಮೂವತ್ತೊಂದು ಹಾಳೆ ಮುಗಿದ ದಿನ ಅಕ್ಕನ ಉತ್ತರ ಬಂತು. ಆಕೆಗೆ ಬರೆಯಲು ಬಾರದು, ಊರಿನ ಶಾಲೆಯ ಮೇಷ್ಟ್ರು ಹೇಳಿದ್ದನ್ನು ಹೇಳಿದಂತೆ ಬರೆದಿದ್ದರು. ಕುಮೆಜಿ ನನ್ನ ಜಗಲಿಯ ಮೇಲೆ ಓದಿದ.

"ಕುಮೆ, ನಿನ್ನ ಕಾಗದ ಓದಿಸಿಕೊಂಡೆ. ಓದುವಾಗ ಮೇಷ್ಟ್ರು ನಕ್ಕರು, ನಾನೂ ನಕ್ಕೆ. ಸತ್ತ ಮೇಲೆ ಹೇಗೂ ಹಾಗೇ ಉಡಿಸ್ತೀರಿ, ಸ್ವಲ್ಪ ಮುಂಚೆ ಉಟ್ಟೆ, ಅದಕ್ಕೆ ಯಾಕೆ ಅಳ್ತೀಯ? ಅಂಚಿನ ವಿಷಯಕ್ಕೆ ನನ್ನ ಬುದ್ಧಿ ಓಡ್ತು, ಕೈ ವಿಷಯಕ್ಕೆ ಓಡ್ಲೇ ಇಲ್ಲ ನೋಡು. ಆ ಹಳೇ ಗಾಜಿನ ಥರದ್ದೇ ಆಗಿದ್ರೆ ನನ್ನ ಕೈ ಆಗಲೇ ಎಡವಟ್ಟಾಗ್ತಿತ್ತು. ಬುದ್ಧ ದೊಡ್ಡವನು, ಬಲಗೈ ಉಳಿಸಿದ. ಹೆಣ ಅಂತ ತೋರಿಸಿದ್ರೂ ತೋರಿಸು, ಎಡಗೈಯಲ್ಲಿ ಎಳೆ ಸೇರಿಸೋಳು ಅಂತ ಮಾತ್ರ ಲೋಕಕ್ಕೆ ತೋರಿಸ್ಬೇಡ. ನೂಲು ಕಾಣುತ್ತೆ ಅಂತ ಬರ್ದಿದೀಯ. ಆ ಹಾಳೆ ನನಗೊಂದು ಕಳಿಸು. ಹುಳ ಮೊದಲ್ನೇ ಜ್ವರಕ್ಕೆ ಕೂತಿವೆ, ಅದಕ್ಕೇ ಇಷ್ಟು ಮಾತಾಡೋಕೆ ಪುರುಸೊತ್ತಾಯ್ತು. ಚರಕ ತಿರುಗಿಸ್ತಾ ಇದೀಯಾ?"

ಓದಿ ಮುಗಿಸಿ ಕಾಗದವನ್ನು ಅದರ ಹಳೆಯ ಮಡಿಕೆಯಲ್ಲೇ ಮಡಿಸಿದ. ಆಕೆ ಕೇಳಿದ ಹಾಳೆ ಇದ್ದದ್ದು ಒಂದೇ. ಅದನ್ನು ಅವನ ಕೈಯೇ ಮಸಿ ಬಳಿದು ಕಿತ್ತುಹಾಕಿತ್ತು.

ಮಾರನೆಯ ಬೆಳಗ್ಗೆ ಕಾಗದ ಹಿಡಿದು ಯಜಮಾನರ ಬಳಿ ಹೋದ. ಉಳಿದ ಒಂಬತ್ತಾದರೂ ನೇರ ಅಚ್ಚು ತೆಗೆಸಿ ಎಂದ. ಆಗದು ಎಂದರು. ಒಂಬತ್ತು ಬೇಡ, ಒಂದು, ಅಕ್ಕನಿಗೆ ಮಾತ್ರ ಎಂದ.

"ಕುಮೆಜಿ, ಬೇರೆ ಏನು ಬೇಕಾದ್ರೂ ಕೇಳು. ನನ್ನ ಅಂಗಡಿಯಿಂದ ಹೆಣದ ಉಡುಪಿನ ಪಟ ಹೊರಗೆ ಹೋಗಲ್ಲ. ಬದುಕಿರೋ ಹೆಂಗಸಿನದಂತೂ ಹೋಗೋದೇ ಇಲ್ಲ."

"ಅವಳೇ ಕೇಳಿದಾಳೆ ಯಜಮಾನ್ರೇ."

"ಕೇಳಿದೋರಿಗೆ ಗೊತ್ತಿರಲ್ಲ. ನಾಳೆ ಆಕೆಗೆ ಏನಾದ್ರೂ ಆದ್ರೆ ಆ ಪಟ ತೆಗೆದ ಕೈ ನನ್ನದು ಅಂತ ನಾನು ಬದುಕಿಡೀ ನೆನೀಬೇಕು. ನಡಿ, ಕೆಲಸ ಮಾಡು."

ಕುಂಚ ಎಸೆದು ಎದ್ದು ಬಂದ ಎಂದು ಬರೆಯಲು ನನಗೂ ಇಷ್ಟವಿತ್ತು. ಹಾಗಾಗಲಿಲ್ಲ. ಮಹಡಿ ಹತ್ತಿ ಉಳಿದ ಒಂಬತ್ತನ್ನೂ ಮುಗಿಸಿದ. ನಲವತ್ತನೆಯದರ ನೂಲು ಮೊದಲಿನದಕ್ಕಿಂತ ನೇರವಾಗಿತ್ತಂತೆ. ಅದನ್ನು ಹೇಳುವಾಗ ಅವನಿಗೆ ಇನ್ನೂ ಹೆಚ್ಚು ಸಿಟ್ಟು ಬಂತು. ಎಂಟನೆಯ ತಾರೀಖು ಹಡಗಿನ ಕೂಗು ನಮ್ಮ ಓಣಿಗೂ ಕೇಳಿತು. ನಲವತ್ತು ಒಶಿಮೊ ಅಕ್ಕಂದಿರು ಎಡಗೈಯಲ್ಲಿ ಎಳೆ ಹಿಡಿದು ಸಮುದ್ರ ದಾಟಿದರು.

ಅದಾದ ನಾಲ್ಕನೆಯ ದಿನ, ರಜೆಯ ಮಧ್ಯಾಹ್ನ, ನುಕುಯಿ ಯಜಮಾನರೇ ನಮ್ಮ ಓಣಿ ಹುಡುಕಿಕೊಂಡು ಬಂದರು. ಕಂಕುಳಲ್ಲಿ ನೇರಳೆ ಬಟ್ಟೆಯಲ್ಲಿ ಕಟ್ಟಿದ ಏನೋ ಇತ್ತು. ಕುಮೆಜಿಯ ಮನೆಯಲ್ಲಿ ಇಬ್ಬರು ಕೂರುವ ಜಾಗವಿಲ್ಲವೆಂದು ನನ್ನ ಜಗಲಿಯ ಮೇಲೆ ಕೂತರು. ನಾನು ಚಹಾ ತಂದಿಟ್ಟೆ, ಮೂಲಂಗಿ ಉಪ್ಪಿನಕಾಯಿ ಹೆಚ್ಚಿಟ್ಟೆ. ಯಜಮಾನರು ಬಟ್ಟೆ ಬಿಚ್ಚಿದರು. ಕಪ್ಪು ಅರಗಿನ ಚೌಕಟ್ಟು, ಮೂಲೆಗಳಲ್ಲಿ ಚಿನ್ನದ ಹಿಪ್ಪುನೇರಳೆ ಎಲೆ. ಒಳಗೆ ಅಕ್ಕ. ಅದೇ ಮಗುಚಿದ ಗಾಜಿನ ನಲವತ್ತೊಂದನೆಯ ಹಾಳೆ.

"ಇದಕ್ಕೆ ನಾನೇ ಬಣ್ಣ ಹಾಕಿದೀನಿ," ಎಂದರು. "ಕುಂಚ ಮುಟ್ಟಿ ಹತ್ತು ವರ್ಷ ಆಗಿತ್ತು. ಕೈ ನೋಡು."

ಕೈ ಕೆಂಪಾಗಿತ್ತು. ಮಣಿಕಟ್ಟಿನವರೆಗೆ ಕೆಂಪು, ಅಲ್ಲಿಂದ ಬಿಳುಪು. ಕುಮೆಜಿ ತೊಳೆದುಹಾಕಿದ್ದನ್ನು ಅವರು ನೆನಪಿಟ್ಟು ಬರೆದಿದ್ದರು. ಕುಮೆಜಿ ಚೌಕಟ್ಟನ್ನು ಬೆಳಕಿಗೆ ತಿರುಗಿಸಿ ನೋಡಿದ.

"ಕೆಂಪು ಸರಿಯಾಗಿದೆ ಯಜಮಾನ್ರೇ."

"ಹಾಗಾದ್ರೆ ತಗೋ. ಅಕ್ಕನಿಗೆ ಕಳಿಸು. ಅಂಚೆಗೆ ಕೊಡಬೇಡ, ಒಡೆಯುತ್ತೆ. ನಿಮ್ಮ ಕಡೆ ಮಾಯೆಬಾಶಿಗೆ ಹೋಗೋ ನನ್ನ ಆಳಿನ ಕೈಲಿ ಮನೆ ಬಾಗಿಲಿಗೆ ತಲುಪಿಸ್ತೀನಿ."

ಕುಮೆಜಿ ಚೌಕಟ್ಟನ್ನು ಎರಡೂ ಕೈಯಿಂದ ಎತ್ತಿಕೊಂಡ. ಹಣೆಗೆ ಒತ್ತಿಕೊಳ್ಳುವನೇನೋ ಎಂದುಕೊಂಡೆ. ಹಾಗೆ ಮಾಡದೆ ಮತ್ತೆ ನೇರಳೆ ಬಟ್ಟೆಯ ನಡುವೆ ಇಟ್ಟು, ನಾಲ್ಕು ಮೂಲೆಯನ್ನೂ ತಂದು, ಗಂಟು ಹಾಕಿದ. ಯಜಮಾನರ ಮೊಣಕಾಲಿನ ಬಳಿಗೆ ಅದನ್ನು ಮೆಲ್ಲಗೆ ಸರಿಸಿದ.

"ತಪ್ಪು ತಿಳೀಬೇಡಿ. ನಿಮ್ಮ ಮನಸ್ಸು ದೊಡ್ಡದು, ಇದು ಬೇಡ."

"ಲೋ, ಒಳ್ಳೆ ಮನಸ್ಸಿಂದ ಕೊಡ್ತಿದೀನಿ."

"ಗೊತ್ತು ಯಜಮಾನ್ರೇ. ಆದ್ರೆ ಇದನ್ನ ಕಳಿಸಿದ್ರೆ ಅಕ್ಕ ಮೊದಲು ನೋಡೋದು ಎಳೆ ಯಾವ ಕೈಯಲ್ಲಿದೆ ಅಂತ. 'ಯಾರೋ ಇವಳು?' ಅಂತಾಳೆ."

"ಮನೇಲಿ ನೀನಾದ್ರೂ ಇಟ್ಕೋ."

"ಮನೇಲಿ ಅವಳ ಚರಕ ಇದೆ," ಎಂದ ಕುಮೆಜಿ. "ಚಹಾ ಆರುತ್ತೆ, ಕುಡೀರಿ. ಇದನ್ನ ತಗೊಂಡ್ಹೋಗಿ."